ಚಂದ್ರನ ಮೇಲಿನ ಎಂಬತ್ತು ಅಕ್ಷರ

ಭೂಮಿಯಿಂದ ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿ 80 ಇಂಗ್ಲಿಷ್ ಅಕ್ಷರಗಳ ಒಂದು ಸಂದೇಶವಿದೆ. ಜೊತೆಗೆ 1969 ಎಂಬ ಇಸವಿ, ಕೆಳಗೆ ನಾಲ್ವರ ಸಹಿ. ಅಪೋಲೊ 11ರ ಗಗನಯಾತ್ರಿಗಳು ಚಂದ್ರನಲ್ಲೇ ಬಿಟ್ಟುಬಂದ ‘ಈಗಲ್’ ನೌಕೆಯ ಕೆಳಭಾಗದ ಏಣಿಗೆ ಬಿಗಿದ ಸ್ಟೀಲ್ ಫಲಕವದು. ಅಗಲ ಸುಮಾರು 23 ಸೆಂಟಿಮೀಟರ್, ಎತ್ತರ 19. ಅದನ್ನು ಹೊತ್ತೊಯ್ದ ರಾಕೆಟ್ಟಿನ ಎತ್ತರ 110 ಮೀಟರ್, ತೂಕ ಸುಮಾರು 2,900 ಟನ್!

ಆ ಅಕ್ಷರಶೈಲಿಯ ಹೆಸರು ಫ್ಯೂಚುರಾ. ಜರ್ಮನಿಯ ಪಾಲ್ ರೆನ್ನರ್ ಬಿಡಿಸಿದ ಈ ಅಕ್ಷರಗಳನ್ನು ಫ್ರಾಂಕ್‌ಫರ್ಟಿನ ಬಾಯರ್ ಕಂಪನಿ 1927ರಲ್ಲಿ ಅಚ್ಚಿನ ಮೊಳೆಗಳಾಗಿ ಮಾರುಕಟ್ಟೆಗೆ ತಂದಿತು. ಈಗ ಅವು ಇರುವ ಜಾಗದಲ್ಲಿ ನಡುಹಗಲ ಬಿಸಿ ಸುಮಾರು 120 ಡಿಗ್ರಿ ಸೆಲ್ಸಿಯಸ್. ರಾತ್ರಿ ಸೊನ್ನೆಗಿಂತ 130 ಡಿಗ್ರಿ ಕೆಳಗೆ. ಒಂದು ಹಗಲು–ರಾತ್ರಿ ಮುಗಿಯಲು ನಮ್ಮ ಇಪ್ಪತ್ತೊಂಬತ್ತೂವರೆ ದಿನ ಬೇಕು. ಹಾಗಿದ್ದರೂ ಮೊದಲ ಐವತ್ತು ವರ್ಷಗಳಲ್ಲೇ ಆ ಫಲಕ 600ಕ್ಕೂ ಹೆಚ್ಚು ಸಲ ಕಾದು, ಅಷ್ಟೇ ಸಲ ತಣಿದಿದೆ.

ಆ 80 ಅಕ್ಷರಗಳಲ್ಲಿ ‘ಓ’ ಏಳು ಸಲ ಬರುತ್ತದೆ. ಕೈವಾರ ಹಿಡಿದು ಎಳೆದ ವೃತ್ತ ಎಂದೇ ನೋಡಿದವರಿಗೆಲ್ಲ ಅನಿಸುತ್ತದೆ. ನನಗೆ ನಿಜವಾದ ಬೆರಗು ಹುಟ್ಟುವುದು ಇಲ್ಲಿ. ಅಡ್ಡಗೆರೆ, ಉದ್ದಗೆರೆ ಎರಡಕ್ಕೂ ಒಂದೇ ದಪ್ಪ ಕೊಟ್ಟರೆ ಕಣ್ಣಿಗೆ ಅಡ್ಡಗೆರೆಯೇ ದಪ್ಪ ಕಾಣುತ್ತದೆ. ಅದಕ್ಕಾಗಿ ವೃತ್ತದ ತಲೆ–ಬುಡಗಳನ್ನು ಒಂದಿಷ್ಟು ತೆಳುವಾಗಿಸುತ್ತಾರೆ. ಪಕ್ಕದ ‘ಎಚ್’ನಷ್ಟೇ ಎತ್ತರ ಕೊಟ್ಟರೆ ‘ಓ’ ಕುಗ್ಗಿದಂತೆ ಕಾಣುತ್ತದೆ. ಹೀಗಾಗಿ ಅದನ್ನು ಗೆರೆಯ ಆಚೆಗೆ, ಮೇಲೂ ಕೆಳಗೂ, ನೂರಕ್ಕೆ ಒಂದೆರಡು ಪಾಲು ಚಾಚುತ್ತಾರೆ. ಒಂದು ಮೀಟರ್ ಎತ್ತರದ ಅಕ್ಷರದಲ್ಲಿ ಇದು ಒಂದೆರಡು ಸೆಂಟಿಮೀಟರ್. ಪುಸ್ತಕದ ಪುಟದಲ್ಲಿ ಕೂದಲೆಳೆಗಿಂತ ಕಡಿಮೆ. ರೇಖಾಗಣಿತವನ್ನು ಇಷ್ಟು ಹದವಾಗಿ ಮೀರಿದ್ದರಿಂದಲೇ ಅದು ಅಪ್ಪಟ ರೇಖಾಗಣಿತದಂತೆ ಕಾಣುತ್ತದೆ.

ದೊಡ್ಡಕ್ಷರಗಳ ಅಳತೆಯಂತೂ ಇನ್ನೂ ಹಳೆಯದು. ಅಗಲವಾದ ‘ಓ’, ಅದರ ಅರ್ಧದಷ್ಟೇ ಅಗಲದ ‘ಇ’, ‘ಎಫ್’, ‘ಎಲ್’: ಇವೆಲ್ಲ ಪ್ರಾಚೀನ ರೋಮನ್ನರ ಶಿಲಾಶಾಸನಗಳ ಲೆಕ್ಕ. ರೋಮ್ ನಗರದ ಟ್ರಾಜನ್ ಸ್ತಂಭದ ಬುಡದಲ್ಲಿ ಕ್ರಿ.ಶ. 113ರ ಹೊತ್ತಿಗೆ ಕಡೆದ ಅಕ್ಷರಗಳಲ್ಲಿ ಅದನ್ನು ಇಂದಿಗೂ ನೋಡಬಹುದು. ಚಂದ್ರನ ಫಲಕಕ್ಕೂ ಆ ಕಲ್ಲಿಗೂ ನಡುವೆ 1,856 ವರ್ಷ.

ನಾಜಿಗಳ ಸಾಂಸ್ಕೃತಿಕ ನೀತಿಯನ್ನು ಟೀಕಿಸಿ ಬರೆದ ರೆನ್ನರ್ 1933ರಲ್ಲಿ ಬಂಧನಕ್ಕೊಳಗಾದರು, ಕೆಲಸವನ್ನೂ ಕಳೆದುಕೊಂಡರು. 1956ರಲ್ಲಿ ತೀರಿಕೊಂಡ ಅವರಿಗೆ ತಮ್ಮ ಅಕ್ಷರ ಮುಟ್ಟಿದ ದೂರ ತಿಳಿಯಲೇ ಇಲ್ಲ. ನೆಲದ ಮೇಲೂ ಅದರ ಹರವು ಸಣ್ಣದಲ್ಲ. ಫೋಕ್ಸ್‌ವ್ಯಾಗನ್ ಜಾಹೀರಾತುಗಳು ದಶಕಗಳ ಕಾಲ ಅದರಲ್ಲೇ ಮಾತಾಡಿದವು. ಪೀಠೋಪಕರಣದ ಕಂಪನಿ ಐಕಿಯಾ 2009ರಲ್ಲಿ ಅದನ್ನು ಕೈಬಿಟ್ಟು ವರ್ಡಾನಾ ಎಂಬ ಇನ್ನೊಂದು ಅಕ್ಷರಶೈಲಿ ಬಳಸತೊಡಗಿದಾಗ, ಹಳೆಯ ಅಕ್ಷರವೇ ಬೇಕೆಂದು ಹಲವು ದೇಶಗಳ ಜನ ದನಿ ಎತ್ತಿದರು.