ಚಳಿಗಾಲದ ಸಾರು: ಕಟ್ಟಿನಲ್ಲೆಷ್ಟು, ಕಾಳಿನಲ್ಲೆಷ್ಟು?

'ಸೂಪ್' ಎಂದೊಡನೆ ನಿಮ್ಮ ಕಣ್ಣಮುಂದೆ ಹೋಟೆಲಿನ ಬಿಳಿ ಬಟ್ಟಲು, ಅದರ ಪಕ್ಕದಲ್ಲೊಂದು ಚಮಚ ಬಂದು ನಿಲ್ಲಬಹುದು. ಊಟಕ್ಕೆ ಮೊದಲು ಹಸಿವು ಕೆರಳಿಸಲು ಕುಡಿಯುವ ಪದಾರ್ಥ ಅದು. ಆದರೆ ಹಾಸನ ತಾಲ್ಲೂಕಿನ ಸಾಲಗಾಮೆ ಹೋಬಳಿಯ ಊರುಗಳಲ್ಲಿ, ಮಾರ್ಗಶಿರ ಪುಷ್ಯ ಮಾಸಗಳ ಮಂಜು ಮುಸುಕಿದ ಬೆಳಗಿನಲ್ಲಿ ಒಲೆಯ ಮೇಲೆ ಕುದಿಯುವ ಹುರುಳಿಕಟ್ಟಿನ ಸಾರು ಊಟಕ್ಕೆ ಮೊದಲಿನದಲ್ಲ. ಮುದ್ದೆಯ ಜೊತೆ ಸೇರಿದರೆ ಅದೇ ಊಟ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಗೂ ಈ ಮಾತು ಸಲ್ಲುತ್ತದೆ. ಮನೆಮಾತಿನಲ್ಲಿ ಹುರುಳಿ 'ಹುಳ್ಳಿ'ಯಾಗುತ್ತದೆ, ಬಸಿದ ಸಾರು 'ಬಸ್ಸಾರು' ಆಗುತ್ತದೆ, ಉಪ್ಪುಸಾರು 'ಉಪ್ಸಾರು' ಆಗುತ್ತದೆ.

ಇಲ್ಲಿ ಒಂದು ಭಾಷೆಯ ಸ್ವಾರಸ್ಯವೂ ಇದೆ. ಸಂಸ್ಕೃತದಲ್ಲಿ 'ಸೂಪ' ಎಂದರೆ ಬೇಯಿಸಿದ ಬೇಳೆಯ ಸಾರು. 16ನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸ ಕನ್ನಡದಲ್ಲಿ ಬರೆದ ಅಡುಗೆಯ ಗ್ರಂಥದ ಹೆಸರೇ 'ಸೂಪಶಾಸ್ತ್ರ'. ಇಂಗ್ಲಿಷಿನ ಸೂಪ್ ಇದರಿಂದ ಹುಟ್ಟಿತೆಂದು ಕೆಲವರು ಹೆಮ್ಮೆಯಿಂದ ಹೇಳುವುದುಂಟು. ಅದು ಸರಿಯಲ್ಲ. ಇಂಗ್ಲಿಷಿನ ಪದ ಫ್ರೆಂಚಿನಿಂದ ಬಂದದ್ದು. ಮೂಲದಲ್ಲಿ ಅದು ಸಾರಿನಲ್ಲಿ ನೆನೆದ ರೊಟ್ಟಿಯ ತುಂಡನ್ನು ಸೂಚಿಸುತ್ತಿತ್ತು. ಹೆಸರುಗಳು ಆಕಸ್ಮಿಕವಾಗಿ ಹತ್ತಿರವಾಗಿವೆ, ಅಷ್ಟೆ.

ಹುರುಳಿ ಬಡ ನೆಲದ ಬೆಳೆ. ಮುಂಗಾರಿನ ಬೆಳೆ ಮುಗಿದ ಮೇಲೆ, ಹಿಂಗಾರಿನ ಅಲ್ಪಸ್ವಲ್ಪ ಮಳೆ ಮತ್ತು ಇಬ್ಬನಿಯನ್ನೇ ನಂಬಿ ಬಿತ್ತಿದರೂ ಬರುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಕುದುರೆಯ ಕಾಳು ಎಂದೇ ಹೆಸರು. ನಮ್ಮ ರೈತರು ಅದನ್ನು ಉಳುವ ಎತ್ತಿಗೆ ಬೇಯಿಸಿ ಹಾಕುತ್ತಿದ್ದರು. ಟ್ರ್ಯಾಕ್ಟರು ಬರುವ ಮೊದಲು ಬೇಸಾಯದ ಮನೆಗಳಲ್ಲಿ ಹುರುಳಿ ಬೇಯುತ್ತಿದ್ದುದು ಮುಖ್ಯವಾಗಿ ಕೊಟ್ಟಿಗೆಗಾಗಿ. ಬೆಂದ ಕಾಳು ಎತ್ತಿಗೆ ಹೋಗುತ್ತಿತ್ತು. ಬಸಿದ ಕಟ್ಟು, ಅಂದರೆ ಕಾಳು ಬೆಂದ ಕಂದುಬಣ್ಣದ ನೀರು, ಅಡುಗೆಮನೆಗೆ ಬರುತ್ತಿತ್ತು. ಅದಕ್ಕೆ ಖಾರ, ಹುಳಿ, ಬೆಳ್ಳುಳ್ಳಿ ಸೇರಿ ಸಾರಾಗುತ್ತಿತ್ತು. ಎತ್ತಿಗೂ ಆಯಿತು, ಮನೆಯವರಿಗೂ ಆಯಿತು ಎಂಬ ಈ ಜಾಣತನವನ್ನು ಎಷ್ಟು ಮೆಚ್ಚಿದರೂ ಸಾಲದು. ಆದರೆ ಒಂದು ಪ್ರಶ್ನೆಯನ್ನು ಕೇಳಲೇಬೇಕು. ಈ ಹಂಚಿಕೆಯಲ್ಲಿ ಹೆಚ್ಚು ಲಾಭ ಯಾರದು? ಮನುಷ್ಯರದೋ, ಎತ್ತಿನದೋ?

ಉತ್ತರಕ್ಕೆ ಮೊದಲು, ಸಾರು ಕುಡಿದಾಗ ಮೈ ಬೆಚ್ಚಗಾಗುವುದು ಹೇಗೆ ಎಂಬುದನ್ನು ನೋಡೋಣ. ಇದಕ್ಕೆ ನಿಮ್ಮ ಪ್ರೌಢಶಾಲೆಯ ಭೌತಶಾಸ್ತ್ರವೇ ಸಾಕು. ಒಂದು ಕಿಲೋ ನೀರಿನ ತಾಪವನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಒಂದು ಕಿಲೊಕ್ಯಾಲೊರಿ ಶಾಖ ಬೇಕು. ನೀವು ಕಾಲು ಲೀಟರ್ ಸಾರನ್ನು 60 ಡಿಗ್ರಿ ಬಿಸಿಯಲ್ಲಿ ಕುಡಿದಿರಿ ಎನ್ನಿ. ದೇಹದ ತಾಪ 37 ಡಿಗ್ರಿ. ಸಾರು ತಣಿದು 37ಕ್ಕೆ ಇಳಿಯುವಾಗ ದೇಹಕ್ಕೆ ಬಿಟ್ಟುಕೊಡುವ ಶಾಖ ಎಷ್ಟು? 23ನ್ನು ಕಾಲರಿಂದ ಗುಣಿಸಿ. ಆರು ಕಿಲೊಕ್ಯಾಲೊರಿಯೂ ಪೂರ್ತಿ ಆಗುವುದಿಲ್ಲ. ಅದೇ ಸಾರಿನಲ್ಲಿ 50 ಗ್ರಾಂ ಹುರುಳಿಕಾಳು ಇದ್ದು, ಅದನ್ನೂ ತಿಂದರೆ ದೇಹಕ್ಕೆ ಸಿಗುವ ಶಕ್ತಿ ಸುಮಾರು 160 ಕಿಲೊಕ್ಯಾಲೊರಿ. ಜೊತೆಯಲ್ಲಿ 100 ಗ್ರಾಂ ಹಿಟ್ಟಿನ ಮುದ್ದೆ ಇದ್ದರೆ ಇನ್ನೊಂದು 320. ಆರು ಎಲ್ಲಿ, ನಾನೂರ ಎಂಬತ್ತು ಎಲ್ಲಿ!

ಹಾಗಾದರೆ ಬಾಯಿಗೆ ಸಾರು ತಾಗಿದೊಡನೆ ಮೈಯೆಲ್ಲ ಬೆಚ್ಚಗಾಯಿತೆನ್ನಿಸುವುದು ಭ್ರಮೆಯೇ? ಪೂರ್ತಿ ಭ್ರಮೆಯಲ್ಲ, ಪೂರ್ತಿ ಶಾಖವೂ ಅಲ್ಲ. ಮೆಣಸಿನಕಾಯಿಯಲ್ಲಿ ಕ್ಯಾಪ್ಸೈಸಿನ್ ಎಂಬ ವಸ್ತು ಇದೆ, ಕರಿಮೆಣಸಿನಲ್ಲಿ ಪೈಪರೀನ್ ಇದೆ. ನಾಲಗೆಯ ನರತುದಿಗಳಲ್ಲಿ ಸುಡುವ ಬಿಸಿಯನ್ನು ಗುರುತಿಸುವ ಒಂದು ಗ್ರಾಹಕ ಇದೆ; ಈ ಎರಡು ವಸ್ತುಗಳೂ ಅದನ್ನೇ ಕೆರಳಿಸುತ್ತವೆ. ಅಂದರೆ ಖಾರ ಮತ್ತು ಬಿಸಿ ಎರಡೂ ಮಿದುಳಿಗೆ ಒಂದೇ ಬಾಗಿಲಿನಿಂದ ಸುದ್ದಿ ಕಳಿಸುತ್ತವೆ. ಈ ಗ್ರಾಹಕವನ್ನು ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಗುರುತಿಸಿತು. ಅವರಿಗೂ ಆರ್ಡೆಮ್ ಪಟಪೂಟಿಯನ್ ಅವರಿಗೂ 2021ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಖಾರ ತಿಂದಾಗ ಮುಖ ಕೆಂಪಾಗಿ ಹಣೆ ಬೆವರುವುದು ಇದರಿಂದಲೇ. ದೇಹ ತನಗೆ ಬಿಸಿ ಹೆಚ್ಚಾಯಿತೆಂದು ತಿಳಿದು ತಣಿಸಿಕೊಳ್ಳಲು ಹೊರಡುತ್ತದೆ. ಆದ್ದರಿಂದ ಬರೀ ಖಾರದ ತಿಳಿಸಾರು ಕುಡಿದು ಚಳಿಯಲ್ಲಿ ಹೊರಗೆ ನಿಂತರೆ ಆ ಹಿತ ಬಹಳ ಹೊತ್ತು ಉಳಿಯದು.

ಉಳಿಯುವ ಶಾಖ ಆಹಾರದಿಂದ ಬರಬೇಕು. ಅದರಲ್ಲಿಯೂ ಪ್ರೋಟೀನನ್ನು ಜೀರ್ಣಿಸಿ ಬಳಸಿಕೊಳ್ಳುವಾಗ ದೇಹ ಅದರ ಶಕ್ತಿಯಲ್ಲಿ ಶೇಕಡಾ 20ರಿಂದ 30ರಷ್ಟನ್ನು ಶಾಖವಾಗಿ ಬಿಟ್ಟುಕೊಡುತ್ತದೆ. ಪಿಷ್ಟದಲ್ಲಿ ಈ ಪ್ರಮಾಣ ಶೇಕಡಾ 5ರಿಂದ 10 ಮಾತ್ರ. 'ಹುರುಳಿ ಉಷ್ಣ' ಎಂದು ಹಿರಿಯರು ಹೇಳುವ ಮಾತಿಗೂ ಈ ಲೆಕ್ಕಕ್ಕೂ ಪೂರ್ತಿ ಹೊಂದಿಕೆ ಇದೆ ಎನ್ನಲಾಗದು. ಅವರ ಉಷ್ಣ ಬೇರೆಯೇ ಒಂದು ಕಲ್ಪನೆ. ಆದರೂ ಚಳಿಗಾಲಕ್ಕೆ ಅವರು ಆರಿಸಿದ ಕಾಳಿನ ನೂರು ಗ್ರಾಂನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ ಎಂಬುದನ್ನು ಗಮನಿಸಬೇಕು.

ಈಗ ಎತ್ತಿನ ಪ್ರಶ್ನೆಗೆ ಬರೋಣ. ಕಾಳು ಬೇಯುವಾಗ ನೀರಿಗೆ ಇಳಿಯುವುದು ನೀರಿನಲ್ಲಿ ಕರಗುವ ಪದಾರ್ಥಗಳು: ಪೊಟ್ಯಾಸಿಯಂನಂಥ ಖನಿಜಗಳು, ಬಿ ಗುಂಪಿನ ಜೀವಸತ್ವಗಳಲ್ಲಿ ಒಂದು ಪಾಲು, ಸ್ವಲ್ಪ ಸಕ್ಕರೆ, ಸ್ವಲ್ಪ ಪಿಷ್ಟ, ಬಣ್ಣ ಮತ್ತು ರುಚಿ. ಹೀಗಾಗಿ ಕಟ್ಟನ್ನು ಚರಂಡಿಗೆ ಚೆಲ್ಲುವುದು ದೊಡ್ಡ ನಷ್ಟ. ಆದರೆ ಪ್ರೋಟೀನು, ಕಬ್ಬಿಣ, ನಾರು ಇವುಗಳ ಬಹುಪಾಲು ಕಾಳಿನಲ್ಲೇ ಉಳಿಯುತ್ತದೆ. ಹೊಟ್ಟೆ ತುಂಬಿಸುವ ಭಾಗ ಎತ್ತಿಗೆ ಹೋಗುತ್ತಿತ್ತು, ನಾಲಗೆ ತಣಿಸುವ ಭಾಗ ಮನೆಗೆ ಬರುತ್ತಿತ್ತು ಎಂದು ಧಾರಾಳವಾಗಿ ಹೇಳಬಹುದು.

ಬಸ್ಸಾರಿನ ಪದ್ಧತಿ ಈ ಕೊರತೆಯನ್ನು ಅಚ್ಚುಕಟ್ಟಾಗಿ ತುಂಬಿದೆ. ಅಲ್ಲಿ ಕಾಳನ್ನೂ ಸೊಪ್ಪನ್ನೂ ಬೇಯಿಸಿ ಬಸಿಯುತ್ತಾರೆ. ಬಸಿದ ನೀರಿಗೆ, ಹುರಿದು ರುಬ್ಬಿದ ಮಸಾಲೆ ಮತ್ತು ಒಂದು ಹಿಡಿ ಬೆಂದ ಕಾಳು ಸೇರಿ ಸಾರು. ಉಳಿದ ಕಾಳು ಸೊಪ್ಪಿಗೆ ಈರುಳ್ಳಿ ಒಗ್ಗರಣೆ, ತೆಂಗಿನತುರಿ ಬಿದ್ದು ಪಲ್ಯ. ಒಂದೇ ಪಾತ್ರೆಯಿಂದ ಎರಡು ಪದಾರ್ಥ, ಚೆಲ್ಲುವುದು ಏನೂ ಇಲ್ಲ. ಇದಕ್ಕೆ ರಾಗಿಮುದ್ದೆ ಸೇರಿದರೆ ಇನ್ನೊಂದು ಲಾಭ. ರಾಗಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ, ಕಾಳಿನಲ್ಲಿ ಅದು ಹೇರಳ. ಕಾಳಿನಲ್ಲಿ ಮೆಥಿಯೊನಿನ್ ಕಡಿಮೆ, ಧಾನ್ಯ ಅದನ್ನು ತುಂಬಿಕೊಡುತ್ತದೆ. ರಾಗಿಯ ಸುಣ್ಣದಂಶವಂತೂ ನೂರು ಗ್ರಾಂಗೆ ಸುಮಾರು 350 ಮಿಲಿಗ್ರಾಂ.

ಇದು ಬರೀ ಅಡುಗೆಯ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡಾ 59 ಮಂದಿಗೆ ರಕ್ತಹೀನತೆ ಇದೆ. ಈ ಪುಟ ಓದುತ್ತಿರುವ ಹತ್ತು ವಿದ್ಯಾರ್ಥಿನಿಯರಲ್ಲಿ ಆರು ಮಂದಿ ಎಂದುಕೊಳ್ಳಿ. ಎಷ್ಟೋ ಮನೆಗಳಲ್ಲಿ ಮೊದಲು ಉಣ್ಣುವವರ ತಟ್ಟೆಗೆ ಕಾಳು, ಕೊನೆಯಲ್ಲಿ ಉಣ್ಣುವ ತಾಯಿಗೂ ಹೆಣ್ಣುಮಕ್ಕಳಿಗೂ ತಿಳಿ. ಹಾಸ್ಟೆಲುಗಳಲ್ಲಿ ಸೌಟು ಮೇಲ್ಮೇಲೆ ಆಡಿದರೆ ಅದೇ ಕಥೆ. ಆದ್ದರಿಂದ ಸೌಟನ್ನು ತಳಮುಟ್ಟ ಆಡಿಸಿ ಬಡಿಸುವುದು ಸಣ್ಣ ವಿಷಯವಲ್ಲ. ಕಾಳಿನ ಕಬ್ಬಿಣ ಮಾಂಸದ ಕಬ್ಬಿಣದಷ್ಟು ಸುಲಭವಾಗಿ ದೇಹಕ್ಕೆ ಹತ್ತುವುದಿಲ್ಲ. ಸಿ ಜೀವಸತ್ವ ಜೊತೆಗಿದ್ದರೆ ಹೆಚ್ಚು ಹತ್ತುತ್ತದೆ. ಈ ಜೀವಸತ್ವ ಕುದಿಯುವಾಗ ನಾಶವಾಗುವುದರಿಂದ ನಿಂಬೆಹಣ್ಣನ್ನು ಒಲೆಯಿಂದ ಇಳಿಸಿದ ಮೇಲೆ, ಆದರೆ ತಟ್ಟೆಗೇ, ಹಿಂಡಿಕೊಳ್ಳುವುದು ಮೇಲು. ಊಟವಾದ ಕೂಡಲೇ ಕಾಫಿ ಟೀ ಕುಡಿದರೆ ಲಾಭವೆಲ್ಲ ತಿರುಗುಮುರುಗು. ಅವುಗಳಲ್ಲಿನ ಒಗರು ಪದಾರ್ಥಗಳು ಕಬ್ಬಿಣವನ್ನು ಹಿಡಿದುಕೊಂಡುಬಿಡುತ್ತವೆ. ಸಕಲೇಶಪುರ, ಬೇಲೂರಿನ ತೋಟಗಳ ಜಿಲ್ಲೆಯಲ್ಲಿ ಕಾಫಿಯನ್ನು ಬಿಡಿ ಎಂದರೆ ಯಾರೂ ಕೇಳುವುದಿಲ್ಲ. ಒಂದು ಗಂಟೆ ತಡೆದು ಕುಡಿಯಿರಿ ಎನ್ನಬಹುದು.

ಮಾಡುವ ಬಗೆಯಲ್ಲಿಯೂ ಕೆಲವು ಕಾರಣಗಳು ಅಡಗಿವೆ. ನಾಲ್ಕೈದು ಜನಕ್ಕೆ ಕಾಲು ಕಿಲೋ ಹುರುಳಿ ಸಾಕು. ಕಲ್ಲು ಆರಿಸಿ, ತೊಳೆದು, ರಾತ್ರಿಯೇ ನೆನೆಹಾಕಬೇಕು. ಹೊಟ್ಟೆಯಲ್ಲಿ ವಾಯು ಮಾಡುವ ಕೆಲವು ಸಕ್ಕರೆಗಳು ಈ ನೀರಿಗೆ ಇಳಿಯುವುದರಿಂದ ನೆನೆಸಿದ ನೀರನ್ನು ಚೆಲ್ಲಬಹುದು. ಬೇಯಿಸಿದ ನೀರನ್ನು ಮಾತ್ರ ಚೆಲ್ಲಬಾರದು. ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೆ ಇನ್ನೂ ಉತ್ತಮ. ಮೊಳೆಯುವಾಗ ಆ ಸಕ್ಕರೆಗಳು ಕರಗಿ, ಕಬ್ಬಿಣವನ್ನು ಕಟ್ಟಿಹಾಕುವ ಫೈಟೇಟ್ ಕಡಿಮೆಯಾಗಿ, ಒಣಕಾಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಇರುವ ಸಿ ಜೀವಸತ್ವ ಹುಟ್ಟುತ್ತದೆ. ಚಳಿಯಲ್ಲಿ ಮೊಳಕೆ ನಿಧಾನ. ಒಲೆಯ ಪಕ್ಕದ ಬೆಚ್ಚನೆಯ ಜಾಗದಲ್ಲಿ ಗಂಟನ್ನು ಇಡುವುದು ಅದಕ್ಕೇ.

ಹಾಸನ ಸಮುದ್ರಮಟ್ಟದಿಂದ 950 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ನೀರು 100ಕ್ಕಲ್ಲ, ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕರಾವಳಿಯ ಊರಿಗಿಂತ ಇಲ್ಲಿ ತೆರೆದ ಪಾತ್ರೆಯಲ್ಲಿ ಕಾಳು ಬೇಯಲು ತಡವಾಗುವುದು ಸಹಜ. ಕುಕ್ಕರಿನೊಳಗೆ ಒತ್ತಡ ಹೆಚ್ಚಿ ತಾಪ ನೂರನ್ನು ದಾಟುವುದರಿಂದ ಆ ತೊಂದರೆ ಇಲ್ಲ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿಯೂ ಕಾಳು ಬೇಗ ಬೇಯದು. ನೀರಿನ ಸುಣ್ಣದಂಶ ಕಾಳಿನ ಕೋಶಗಳನ್ನು ಹಿಡಿದಿಡುವ ಪೆಕ್ಟಿನ್ ಜೊತೆ ಸೇರಿ ಅದನ್ನು ಬಿಗಿಗೊಳಿಸುತ್ತದೆ. ಹುಣಸೆಹುಳಿಯದೂ ಅದೇ ಸ್ವಭಾವ: ಆಮ್ಲದಲ್ಲಿ ಪೆಕ್ಟಿನ್ ಕರಗುವುದಿಲ್ಲ. 'ಹುಳಿ ಮೊದಲೇ ಬಿದ್ದರೆ ಬೇಳೆ ಬೇಯಲ್ಲ ಕಣವ್ವ' ಎಂದು ಅಜ್ಜಿಯರು ಗದರುವುದು ಈ ರಸಾಯನಶಾಸ್ತ್ರವನ್ನೇ. ಕಾಳು ಪೂರ್ತಿ ಬೆಂದಿರುವುದೂ ಮುಖ್ಯ. ಹಸಿಕಾಳಿನಲ್ಲಿ ಪ್ರೋಟೀನಿನ ಜೀರ್ಣಕ್ಕೆ ಅಡ್ಡಿಬರುವ ವಸ್ತುಗಳಿದ್ದು, ಚೆನ್ನಾಗಿ ಬೆಂದಾಗ ಅವು ಬಹುಮಟ್ಟಿಗೆ ನಾಶವಾಗುತ್ತವೆ.

ಮಸಾಲೆಗೆ ಒಣಮೆಣಸಿನಕಾಯಿ, ಜೀರಿಗೆ, ಕರಿಮೆಣಸು, ಕೆಂಡದಲ್ಲಿ ಸುಟ್ಟ ಇಲ್ಲವೇ ಹುರಿದ ಈರುಳ್ಳಿ, ಬೆಳ್ಳುಳ್ಳಿ, ತೆಂಗಿನಕಾಯಿ. ಕಾಯಿಗೆ ಚನ್ನರಾಯಪಟ್ಟಣದ ಸೀಮೆ ಇದ್ದೇ ಇದೆ. ರುಬ್ಬುವಾಗ ಬೆಂದ ಕಾಳನ್ನು ಧಾರಾಳವಾಗಿ ಹಾಕಿ. ಸಾರು ಮಂದವಾಗುತ್ತದೆ, ಮಂದವಾದ ದ್ರವದಲ್ಲಿ ಬಿಸಿಯ ಸುಳಿಗಳು ಮೇಲೆ ಕೆಳಗೆ ಸುಲಭವಾಗಿ ಓಡಾಡಲಾರವು, ಹಾಗಾಗಿ ಬೇಗ ಆರುವುದಿಲ್ಲ. ಮೇಲೆ ತೇಲುವ ಒಗ್ಗರಣೆಯ ಎಣ್ಣೆಯೂ ಹಬೆಯನ್ನು ತಡೆದು ಬಿಸಿಯನ್ನು ಕಾಯುತ್ತದೆ.

ಹುರುಳಿಯ ಮಾತು ಆಡಿ ಅವರೆಯನ್ನು ಬಿಟ್ಟರೆ ಈ ಸೀಮೆಯವರು ಮುನಿದಾರು. ರಾಗಿಹೊಲದ ಅಕ್ಕಡಿಸಾಲಿನಲ್ಲಿ ಮುಂಗಾರಿಗೇ ಬಿತ್ತಿದ ಅವರೆ, ಹಗಲು ಚಿಕ್ಕದಾಗುವವರೆಗೆ ಹೂವಿಗೆ ಬರದೆ ಕಾಯುತ್ತದೆ. ಕಾಯಿ ಚಳಿಗಾಲಕ್ಕೇ ಬರುವುದು ಅದರಿಂದ. ಕೈಗೆ ಅಂಟುವ ಸೊಗಡು ಸಿಪ್ಪೆಯಿಂದ ಒಸರುವ ಕೊಬ್ಬಿನಾಮ್ಲಗಳ ಎಣ್ಣೆ. (ದೂರದರ್ಶನದ ಪರದೆಯ ಮೇಲೆ ಹಬೆಯಾಡುವ ಪಾತ್ರೆಯನ್ನು ತೋರಿಸಬಹುದು, ಸೊಗಡನ್ನು ತೋರಿಸುವುದು ಹೇಗೆ?) ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಹಗಲಿನ ಉದ್ದವನ್ನು ಲೆಕ್ಕಿಸದ ಎಚ್‌ಎ-3, ಎಚ್‌ಎ-4 ತಳಿಗಳನ್ನು ಕೊಟ್ಟ ಮೇಲೆ ಅವರೆ ವರ್ಷವಿಡೀ ಸಿಗುವಂತಾಯಿತು. ಆದರೂ ಹಿತಕಿದ ಬೇಳೆ ಸಾರಿಗೆ ಜನ ಕಾಯುವುದು ಇಬ್ಬನಿ ಬಿದ್ದ ಕಾಯಿಗೇ.

ಊರು ಬಿಟ್ಟು ಹಾಸನದ ಸಾಲಗಾಮೆ ರಸ್ತೆಯಂಥ ಕಡೆ ಕೊಠಡಿ ಹಿಡಿದು ಓದುವ ಹುಡುಗ ಹುಡುಗಿಯರಿಗೆ ಬಿಸಿನೀರಿಗೆ ಕದಡಿ ಕುಡಿಯುವ ಪೊಟ್ಟಣದ ಸೂಪು ಸುಲಭ. ಅದರಲ್ಲಿ ಸಾಮಾನ್ಯವಾಗಿ ಇರುವುದು ಜೋಳದ ಪಿಷ್ಟ, ಸಕ್ಕರೆ, ಉಪ್ಪು, ಒಂದಿಷ್ಟು ಒಣತರಕಾರಿಯ ಚೂರು. ದಿನಕ್ಕೆ ಐದು ಗ್ರಾಂ ಉಪ್ಪಿಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪೊಟ್ಟಣದ ಹಿಂದಿನ ಪಟ್ಟಿಯನ್ನು ಓದಿ ನೀವೇ ಕೂಡಿಸಿ ನೋಡಿ. ಒಂದು ಚಿಕ್ಕ ಕುಕ್ಕರು, ಊರಿನಿಂದ ತಂದ ಎರಡು ಕಿಲೋ ಹುರುಳಿ, ಮನೆಯ ಸಾರಿನಪುಡಿ ಇದ್ದರೆ ಭಾನುವಾರದ ಅರ್ಧ ಗಂಟೆಯ ಕೆಲಸ ಸೋಮವಾರಕ್ಕೂ ಆಗುತ್ತದೆ. ಹುರುಳಿಸಾರು ಮಾರನೆಯ ದಿನವೇ ಹೆಚ್ಚು ರುಚಿ. ಹುಳಿ ಖಾರ ಕಾಳಿನೊಳಗೆ ಇಳಿದಿರುತ್ತದೆ, ನೀರು ಇಂಗಿ ಮಂದವಾಗಿರುತ್ತದೆ. ಚಳಿಯೆಂದು ಉಗುರುಬೆಚ್ಚಗೆ ಮುಚ್ಚಿಡಬೇಡಿ, ಆ ಬಿಸಿಯಲ್ಲಿ ಸೂಕ್ಷ್ಮಜೀವಿಗಳು ಬೇಗ ಬೆಳೆಯುತ್ತವೆ. ಅಗಲದ ಪಾತ್ರೆಗೆ ಸುರಿದು ಬೇಗ ಆರಿಸಿ, ಫ್ರಿಜ್ ಇದ್ದರೆ ಅದರೊಳಗಿಟ್ಟು, ಮಾರನೆಯ ದಿನ ಉಣ್ಣುವ ಮೊದಲು ತಳದ ಕಾಳು ಮೇಲೇಳುವಂತೆ ಕೈಯಾಡಿಸುತ್ತ ಕೊತಕೊತ ಕುದಿಸಿಕೊಳ್ಳಿ.