ಗುಜರಿಯ ಎಂಜಿನ್ನಿಗೆ ಉಸಿರು ಕೊಡುವ ವಿದ್ಯೆ

ಟರ್ಬೊ ಇಲ್ಲದ ಎಂಜಿನ್ ಗಾಳಿಯನ್ನು ಎಳೆದುಕೊಳ್ಳುತ್ತದೆ ಎನ್ನುವುದು ರೂಢಿಯ ಮಾತು. ಪಿಸ್ಟನ್ ಕೆಳಗಿಳಿದಾಗ ಸಿಲಿಂಡರಿನಲ್ಲಿ ಉಂಟಾಗುವ ತೆರವಿಗೆ ಗಾಳಿಯನ್ನು ನೂಕುವುದು ವಾಸ್ತವದಲ್ಲಿ ಹೊರಗಿನ ವಾತಾವರಣದ ಒತ್ತಡವೇ ಆಗಿದ್ದು, ಆ ಒತ್ತಡವು ಹಣವಂತನ ಕಾರಿಗೂ ಸಾಲಗಾರನ ಕಾರಿಗೂ ಒಂದೇ ಸಮನಾಗಿ ದೊರೆಯುತ್ತದೆ. ಹೊರಹೋಗುವ ಹೊಗೆಯ ರಭಸದಿಂದಲೇ ತಿರುಗಿ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಎಂಬ ಪಂಪು ಇದ್ದರೆ ಈ ಮಿತಿಯನ್ನು ದಾಟಬಹುದು. ಅದಿಲ್ಲದ ಕಡೆ ಎಂಜಿನ್ನಿನ ಬಲವನ್ನು ಹೆಚ್ಚಿಸುವ ವಿದ್ಯೆಯೆಲ್ಲ ಗಾಳಿ ಬರುವ ದಾರಿಯ ಅಡ್ಡಿಗಳನ್ನು ತೆಗೆಯುವುದು, ಬಂದ ಗಾಳಿಯನ್ನು ಸೋರಗೊಡದೆ ಬಿಗಿಯಾಗಿ ಒತ್ತುವುದು, ತಕ್ಕ ಗಳಿಗೆಯಲ್ಲಿ ಕಿಡಿ ಹೊತ್ತಿಸುವುದು ಎಂಬ ಕೆಲಸಗಳಿಗೆ ಬಂದು ನಿಲ್ಲುತ್ತದೆ. ಈ ವಿದ್ಯೆಯು ಅಗ್ಗದ ಖರ್ಚಿನಲ್ಲಿ ಪಳಗಿದ್ದು ಅಮೆರಿಕದ ಜೇಡಿಮಣ್ಣಿನ ಓಟದ ಕಣಗಳಲ್ಲಿ, ಅದರಲ್ಲೂ ಸ್ಟ್ರೀಟ್ ಸ್ಟಾಕ್, ಹಾಬಿ ಸ್ಟಾಕ್ ಎಂದು ಕರೆಯುವ ತಳಮಟ್ಟದ ವರ್ಗಗಳಲ್ಲಿ. ರಸ್ತೆಯಲ್ಲಿ ಓಡಿ ಸವೆದ ಹಳೆಯ ಕಾರಿನ ಒಳಗನ್ನು ಬರಿದು ಮಾಡಿ, ಉಕ್ಕಿನ ಕೊಳವೆಗಳ ರಕ್ಷಣಾ ಪಂಜರವನ್ನು ಬೆಸೆದು, ವಾರವಿಡೀ ಬೇರೆ ಉದ್ಯೋಗ ಮಾಡುವವರು ವಾರದ ಕೊನೆಯ ರಾತ್ರಿ ಓಡಿಸುವ ಕಾರುಗಳಿವು.

ಈ ಕಣಗಳು ಸಾಮಾನ್ಯವಾಗಿ ಕಾಲು ಮೈಲಿಯಿಂದ ಅರ್ಧ ಮೈಲಿ ಸುತ್ತಳತೆಯ ಮೊಟ್ಟೆಯಾಕಾರದ ಪಥಗಳಾಗಿದ್ದು, ಕಾರುಗಳು ಸದಾ ಎಡಕ್ಕೇ ತಿರುಗುತ್ತವೆ. ಒಹಾಯೊ ರಾಜ್ಯದಲ್ಲಿ 1954ರಲ್ಲಿ ಆರಂಭವಾದ ಎಲ್ಡೋರಾ ಕಣವು ಅರ್ಧ ಮೈಲಿಯ ಪಥಗಳಲ್ಲಿ ಹೆಸರಾಂತದ್ದು. ಓಟಕ್ಕೆ ಮುನ್ನ ನೀರುಣಿಸಿ ಹದಗೊಳಿಸಿದ ಮಣ್ಣು ಸಂಜೆಯ ಹೊತ್ತಿಗೆ ಟಯರನ್ನು ಅಂಟಿ ಹಿಡಿಯುತ್ತದೆ. ರಾತ್ರಿ ಏರಿದಂತೆ ತೇವ ಆರಿ, ಸಾರಿಸಿ ಒಣಗಿಸಿದ ಒಕ್ಕಣೆಯ ಕಣದಂತೆ ಗಟ್ಟಿಯಾಗಿ ಹೊಳೆಯತೊಡಗುತ್ತದೆ. ಆಗ ಟಯರಿಗೆ ಹಿಡಿತ ಸಿಗದು. ಹೆಚ್ಚು ಬಲವುಳ್ಳ ಎಂಜಿನ್ ಚಕ್ರವನ್ನು ಇದ್ದಲ್ಲಿಯೇ ಸುತ್ತಿಸುತ್ತದೆಯೇ ಹೊರತು ಕಾರನ್ನು ಮುಂದೆ ನೂಕುವುದಿಲ್ಲ. ಆದುದರಿಂದ ಮಣ್ಣಿನ ಓಟದಲ್ಲಿ ಎಂಜಿನ್ನಿನ ಗರಿಷ್ಠ ಅಶ್ವಶಕ್ತಿ ಎಷ್ಟು ಎನ್ನುವುದಕ್ಕಿಂತ, ತಿರುವಿನಿಂದ ಹೊರಬರುವಾಗ ಅದರ ಟಾರ್ಕ್, ಅಂದರೆ ದಂಡವನ್ನು ತಿರುಚುವ ಬಲ, ಎಷ್ಟು ನಯವಾಗಿ ಏರುತ್ತದೆ ಎನ್ನುವುದು ಮುಖ್ಯವಾಗುತ್ತದೆ. ಕಡಿಮೆ ಹಣದ ಮೆಕ್ಯಾನಿಕ್‌ಗೆ ಮಣ್ಣು ಕೊಟ್ಟಿರುವ ರಿಯಾಯಿತಿಯೂ ಇದೇ.

ಇಲ್ಲಿ ಹೆಚ್ಚಾಗಿ ಕಾಣುವುದು ಶೆವ್ರೊಲೆ ಕಂಪನಿಯ ಸ್ಮಾಲ್ ಬ್ಲಾಕ್ ಎಂಬ ವಿ-8 ಎಂಜಿನ್. ಎಡಬಲಗಳಲ್ಲಿ ನಾಲ್ಕು ನಾಲ್ಕು ಸಿಲಿಂಡರುಗಳು ಇಂಗ್ಲಿಷಿನ ವಿ ಅಕ್ಷರದಂತೆ ವಾಲಿ ನಿಂತಿರುವುದರಿಂದ ವಿ-8 ಎಂಬ ಹೆಸರು. ಎಡ್ ಕೋಲ್ ಅವರ ಮುಂದಾಳುತನದಲ್ಲಿ ರೂಪುಗೊಂಡು 1955ರಲ್ಲಿ 265 ಘನ ಅಂಗುಲ ಗಾತ್ರದೊಂದಿಗೆ ಹೊರಬಂದ ಈ ಎಂಜಿನ್, 1967ರಲ್ಲಿ 350 ಘನ ಅಂಗುಲ, ಅಂದರೆ ಸುಮಾರು 5.7 ಲೀಟರ್ ಗಾತ್ರವನ್ನು ಪಡೆಯಿತು. ಈ ವಂಶದ ಹತ್ತು ಕೋಟಿಯನೆಯ ಎಂಜಿನ್ 2011ರಲ್ಲಿ ತಯಾರಾಯಿತು. ದಶಕಗಳ ಕಾಲ ಅಕ್ಕಪಕ್ಕದ ಎರಡು ಸಿಲಿಂಡರುಗಳ ಕೇಂದ್ರಗಳ ನಡುವಿನ ಅಂತರವನ್ನು 4.4 ಅಂಗುಲಕ್ಕೇ ಉಳಿಸಿಕೊಂಡು ಬಂದುದರ ಫಲವಾಗಿ ಒಂದು ಕಾಲದ ಪಿಕಪ್ ಟ್ರಕ್ಕಿನ ಭಾಗ ಇನ್ನೊಂದು ಕಾಲದ ಕಾರಿಗೆ ಅಲ್ಪ ಸ್ವಲ್ಪ ಹೊಂದಾಣಿಕೆಯಿಂದ ಕೂರುತ್ತದೆ. ಅಗ್ಗದ ಓಟ ಸಾಧ್ಯವಾಗಿರುವುದು ಈ ಹೊಂದಿಕೆಯಿಂದ. ಗುಜರಿ ಅಂಗಡಿಯೇ ಅದರ ಬಿಡಿಭಾಗಗಳ ಉಗ್ರಾಣ. ಆದರೆ ಗುಜರಿಯಿಂದ ಬರುವ ಎಂಜಿನ್ ಬಲಿಷ್ಠವಾಗಿಯೇ ಇರುತ್ತದೆಂದು ಭಾವಿಸುವಂತಿಲ್ಲ. ಹೊಗೆಯ ಮಾಲಿನ್ಯವನ್ನು ತಗ್ಗಿಸುವ ಕಾನೂನುಗಳು ಬಿಗಿಯಾದ 1970ರ ದಶಕದ ನಡುವಿನಲ್ಲಿ, ಇದೇ 350 ಎಂಜಿನ್ ಕೆಲವು ಕಾರುಗಳಲ್ಲಿ ಕೇವಲ 145 ಅಶ್ವಶಕ್ತಿಗೆ ಇಳಿದಿತ್ತು.

ಅಂಥ ಎಂಜಿನ್ನಿಗೆ ಮಾಡಬೇಕಾದ ಮೊದಲ ಖರ್ಚು ಹೊಳೆಯುವ ಹೊಸ ಭಾಗಗಳಿಗಲ್ಲ, ಲೇತ್ ಶಾಪಿಗೆ. ಸವೆದು ಅಂಡಾಕಾರವಾದ ಸಿಲಿಂಡರಿನಲ್ಲಿ ರಿಂಗುಗಳು ಕಚ್ಚಿ ಕೂರುವುದಿಲ್ಲವಾದ್ದರಿಂದ, ಒತ್ತಿದ ಗಾಳಿ ಕೆಳಗೆ ಸೋರಿ, ಎಂಜಿನ್ ಮೇಲೆ ಎಷ್ಟು ಸುರಿದರೂ ತುಂಬದ ತೂತು ಕೊಡದ ಹಾಗಾಗುತ್ತದೆ. ಕರ್ನಾಟಕದ ಗ್ಯಾರೇಜುಗಳಲ್ಲಿ ಬೋರ್ ಮಾಡಿಸುವುದು ಎನ್ನುವ ಕೆಲಸವೇ ಇಲ್ಲಿಯೂ ನಡೆಯುತ್ತದೆ: ನಾಲ್ಕು ಅಂಗುಲ ವ್ಯಾಸದ ಸಿಲಿಂಡರನ್ನು ಅಂಗುಲದ ಸಾವಿರ ಪಾಲುಗಳಲ್ಲಿ ಮೂವತ್ತರಷ್ಟು, ಅಂದರೆ ಮುಕ್ಕಾಲು ಮಿಲಿಮೀಟರಿನಷ್ಟು ಹಿಗ್ಗಿಸಿ, ಓವರ್‌ಸೈಜ್ ಪಿಸ್ಟನ್ ಹಾಕಿದರೆ ಎಂಜಿನ್ನಿನ ಗಾತ್ರ 355 ಘನ ಅಂಗುಲವಾಗುತ್ತದೆ. ಆ ಐದು ಘನ ಅಂಗುಲದ ಲಾಭ ಅಲ್ಪ. ದುಂಡಗಾದ ಗೋಡೆಯ ಲಾಭ ದೊಡ್ಡದು. ಕನೆಕ್ಟಿಂಗ್ ರಾಡಿನ ಹಳೆಯ ಬೋಲ್ಟುಗಳನ್ನು ಬದಲಿಸಿ ಗಟ್ಟಿಯಾದವನ್ನು ಹಾಕುವುದೂ ಇದೇ ಹಂತದ ಕೆಲಸ. ಅದರಿಂದ ಒಂದು ಅಶ್ವಶಕ್ತಿಯೂ ಹೆಚ್ಚುವುದಿಲ್ಲವಾದರೂ, ಮುರಿದ ಒಂದು ಬೋಲ್ಟು ಬ್ಲಾಕಿನ ಗೋಡೆಯನ್ನು ಒಡೆದು ಇಡೀ ಎಂಜಿನ್ನನ್ನು ಮರಳಿ ಗುಜರಿಗೆ ಕಳುಹಿಸುತ್ತದೆ.

ಬಲ ನಿಜವಾಗಿ ಅಡಗಿರುವುದು ಸಿಲಿಂಡರ್ ಹೆಡ್ಡಿನಲ್ಲಿ. ಗಾಳಿ ಒಳಬರುವ ಮತ್ತು ಹೊಗೆ ಹೊರಹೋಗುವ ದಾರಿಗಳೂ, ಅವುಗಳ ಬಾಗಿಲುಗಳಾದ ವಾಲ್ವುಗಳೂ, ಇಂಧನ ಉರಿಯುವ ಕೋಣೆಯೂ ಇರುವುದು ಈ ಎರಕದ ಕಬ್ಬಿಣದ ಮುಚ್ಚಳದಲ್ಲಿಯೇ. 1996ರಿಂದ ಕೆಲವು ವರ್ಷಗಳ ಕಾಲ ಶೆವ್ರೊಲೆ ಮತ್ತು ಜಿಎಂಸಿ ಟ್ರಕ್ಕುಗಳ 5.7 ಲೀಟರ್ ಎಂಜಿನ್ನುಗಳಲ್ಲಿ ಬಂದ ವೋರ್ಟೆಕ್ ಎಂಬ ಹೆಡ್ಡು ಬಡ ಓಟಗಾರರ ಪಾಲಿಗೆ ದೊರೆತ ನಿಧಿ ಎನ್ನಬೇಕು. ಎರಕದ ಸಂಖ್ಯೆಯ ಕೊನೆಯ ಅಂಕಿಗಳಾದ 906 ಅಥವಾ 062 ಇವನ್ನು ನೋಡಿಯೇ ಅದನ್ನು ಗುಜರಿಯಲ್ಲಿ ಗುರುತಿಸಿ ತರುತ್ತಾರೆ. ಅದರ ಗಾಳಿದಾರಿ ಹಳೆಯ ಹೆಡ್ಡುಗಳಿಗಿಂತ ಸರಾಗವಾಗಿದ್ದು, ದಹನಕೋಣೆ 64 ಘನ ಸೆಂಟಿಮೀಟರಿನಷ್ಟು ಚಿಕ್ಕದು. 1970ರ ದಶಕದ ಅನೇಕ ಹೆಡ್ಡುಗಳಲ್ಲಿ ಅದು 76ರಷ್ಟಿತ್ತು. ಪಿಸ್ಟನ್ ಕೆಳತುದಿಯಲ್ಲಿದ್ದಾಗಿನ ಜಾಗವು ಮೇಲ್ತುದಿಯಲ್ಲಿದ್ದಾಗಿನ ಜಾಗದ ಎಷ್ಟು ಪಟ್ಟು ಎನ್ನುವುದನ್ನು ಕಂಪ್ರೆಷನ್ ಅನುಪಾತ ಎನ್ನುತ್ತಾರೆ, 8.5 ಅನುಪಾತದ ಎಂಜಿನ್ನಿನಲ್ಲಿ ಕೋಣೆ 12 ಘನ ಸೆಂಟಿಮೀಟರ್ ಕಿರಿದಾದರೆ ಅದು 9.6ರ ಹತ್ತಿರಕ್ಕೆ ಏರುತ್ತದೆಂದು ಲೆಕ್ಕ ಹಾಕಬಹುದು. ಸೈದ್ಧಾಂತಿಕ ಲೆಕ್ಕದಲ್ಲಿ ಇದು ಅದೇ ಇಂಧನದಿಂದ ಶೇ 3ರಿಂದ 4ರಷ್ಟು ಹೆಚ್ಚಿನ ಕೆಲಸ. ಸರಾಗವಾದ ಗಾಳಿಯ ಲಾಭ ಬೇರೆ. ಆದರೆ ಈ ಹೆಡ್ಡಿಗೆ, ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಹಳೆಯ ಇನ್‌ಟೇಕ್ ಮ್ಯಾನಿಫೋಲ್ಡ್ ಕೂರುವುದಿಲ್ಲ, ಹನ್ನೆರಡರ ಬದಲು ಎಂಟೇ ಬೋಲ್ಟುಗಳ ಬೇರೆ ಮ್ಯಾನಿಫೋಲ್ಡ್ ಬೇಕು. ಎರಕ ತೆಳುವಾದ್ದರಿಂದ ಬಿರುಕು ಬಿಟ್ಟಿಲ್ಲವೆಂದು ಪರೀಕ್ಷಿಸದೆ ಕೊಳ್ಳುವಂತೆಯೂ ಇಲ್ಲ. ಅಗ್ಗದ ಮಾಲಿನ ಗುಪ್ತ ಖರ್ಚುಗಳು ಇಂಥ ಕಡೆಗಳಲ್ಲಿಯೇ ಅವಿತಿರುತ್ತವೆ.

ಹೆಡ್ಡಿನ ಬಾಗಿಲು ಅಗಲವಾದರೂ ಅಂಗಳದ ಗೇಟು ಕಿರಿದಾಗಿಯೇ ಇರುತ್ತದೆ. ಅನೇಕ ಕಣಗಳ ನಿಯಮಗಳು ಹಾಲಿ ಎಂಬ ಕಂಪನಿಯ 4412 ಎಂಬ ಎರಡು ಕಂಠಗಳ ಕಾರ್ಬ್ಯುರೇಟರನ್ನು, ಅಂದರೆ ಪೆಟ್ರೋಲನ್ನು ಗಾಳಿಯಲ್ಲಿ ಬೆರೆಸುವ ಸಾಧನವನ್ನು, ಕಡ್ಡಾಯ ಮಾಡಿವೆ. ನಿಮಿಷಕ್ಕೆ 500 ಘನ ಅಡಿ ಗಾಳಿ ಬಿಡುವುದೆಂಬುದು ಅದರ ಅಳತೆ. 350 ಘನ ಅಂಗುಲದ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿ ಕುಡಿಯುವುದರಿಂದ, ನಿಮಿಷಕ್ಕೆ 6,000 ಸುತ್ತುಗಳಲ್ಲಿ ಪೂರ್ತಿ ತುಂಬಿದರೆ ಸುಮಾರು 608 ಘನ ಅಡಿ ಬೇಕಾಗುತ್ತದೆ. ಎರಡು ಕಂಠದ ಕಾರ್ಬ್ಯುರೇಟರುಗಳನ್ನು ಅಳೆಯುವಾಗ ನಾಲ್ಕು ಕಂಠದವುಗಳಿಗೆ ಬಳಸುವುದಕ್ಕಿಂತ ಇಮ್ಮಡಿ ಒತ್ತಡ ವ್ಯತ್ಯಾಸವನ್ನು ಬಳಸುವ ಪದ್ಧತಿಯಿರುವುದರಿಂದ, ನಾಲ್ಕು ಕಂಠದ ಮಾನದಲ್ಲಿ ಈ 500 ಎಂಬುದು 350ರಷ್ಟೇ ಆಗುತ್ತದೆ ಎನ್ನುವುದನ್ನೂ ಸೇರಿಸಿದರೆ, ಎಂಜಿನ್ನಿನ ಗಂಟಲು ಎಷ್ಟು ಬಿಗಿದಿದೆ ಎಂಬುದು ತಿಳಿಯುತ್ತದೆ. ನಿಯಮದ ಉದ್ದೇಶವೇ ಅದು: ಮೇಲಿನ ವೇಗದಲ್ಲಿ ಎಂಜಿನ್ನಿಗೆ ಉಸಿರುಗಟ್ಟಿದರೆ, ಅಲ್ಲಿ ಬಲ ಹುಡುಕಲು ಹಣ ಸುರಿಯುವವನಿಗೆ ಪ್ರತಿಫಲ ಸಿಗದು. ಹೀಗಾಗಿ ಜಾಣರು ಸುಮಾರು 3,000ದಿಂದ 5,500 ಸುತ್ತುಗಳ ನಡುವಿನ ಟಾರ್ಕಿಗಾಗಿಯೇ ಎಂಜಿನ್ ಕಟ್ಟುತ್ತಾರೆ. ಎಡ ತಿರುವಿನಲ್ಲಿ ಪೆಟ್ರೋಲು ಬಲಕ್ಕೆ ತುಳುಕಿ, ಪೆಟ್ರೋಲು ಹರಿಯುವ ಜೆಟ್ಟಿನ ತೂತು ಒಣಗದಂತೆ ಕಾರ್ಬ್ಯುರೇಟರಿನ ಬಟ್ಟಲಿನ ಮಟ್ಟವನ್ನೂ ಗಾಳಿ ಕೊಳವೆಗಳನ್ನೂ ಸರಿಪಡಿಸುವುದು ಕಾಸು ಬೇಡದ, ಕೈಚಳಕ ಬೇಡುವ ಕೆಲಸ.

ವಾಲ್ವುಗಳನ್ನು ಯಾವಾಗ, ಎಷ್ಟು ಎತ್ತರಕ್ಕೆ, ಎಷ್ಟು ಹೊತ್ತು ತೆರೆಯಬೇಕೆಂದು ನಿರ್ಧರಿಸುವುದು ಕ್ಯಾಮ್‌ಶಾಫ್ಟ್ ಎಂಬ ಉಬ್ಬುಗಳುಳ್ಳ ದಂಡ. ಇದರಲ್ಲಿಯೇ ಹೊಸಬರು ಎಡವುವುದು ಹೆಚ್ಚು. ಉಬ್ಬು ದೊಡ್ಡದಾದಷ್ಟೂ ಬಲ ಹೆಚ್ಚೆಂದು ಕೊಂಡು ತಂದ ಕ್ಯಾಮ್, ವಾಲ್ವುಗಳನ್ನು ಬಹಳ ಹೊತ್ತು ತೆರೆದಿಟ್ಟು, ಕೆಳವೇಗದಲ್ಲಿ ಬಂದ ಗಾಳಿಯನ್ನು ಮರಳಿ ಹೊರಗೆ ಬಿಡುತ್ತದೆ. ಮೇಲಿನ ವೇಗದಲ್ಲಿಯಾದರೋ ಕಾರ್ಬ್ಯುರೇಟರು ಗಂಟಲು ಹಿಡಿಯುತ್ತದೆ. ಇಂಥ ಕ್ಯಾಮ್ ನಿಧಾನಗತಿಯಲ್ಲಿ ಎಂಜಿನ್ನಿನೊಳಗಿನ ನಿರ್ವಾತವನ್ನು ಕುಗ್ಗಿಸುವುದರಿಂದ, ಕೆಲವು ಕಣಗಳಲ್ಲಿ ಪರೀಕ್ಷಕರು ಒಂದು ಗೇಜು ಚುಚ್ಚಿ ನೋಡಿಯೇ ಕಳ್ಳ ಕ್ಯಾಮನ್ನು ಪತ್ತೆ ಹಚ್ಚುತ್ತಾರೆ. ವೋರ್ಟೆಕ್ ಹೆಡ್ಡಿಗೆ ಹೆಚ್ಚು ಎತ್ತರದ ಕ್ಯಾಮ್ ಹಾಕಿದರೆ ಸ್ಪ್ರಿಂಗಿನ ಟೊಪ್ಪಿಗೆ ವಾಲ್ವ್ ಗೈಡಿಗೆ ಬಡಿಯುತ್ತದೆಂಬ ತೊಡಕೂ ಉಂಟು. ಚಪ್ಪಟೆ ತಳದ ಲಿಫ್ಟರುಗಳಿರುವ ಅಗ್ಗದ ಕ್ಯಾಮನ್ನು ಮೊದಲ ಬಾರಿ ಹೊತ್ತಿಸಿದಾಗ ಸುಮಾರು 2,000 ಸುತ್ತುಗಳಲ್ಲಿ ಇಪ್ಪತ್ತು ನಿಮಿಷವಾದರೂ ನಿಲ್ಲಿಸದೆ ಓಡಿಸಿ ಪಳಗಿಸಬೇಕು. ಹೊಗೆಯನ್ನು ಶುದ್ಧಗೊಳಿಸುವ ವೇಗವರ್ಧಕ ಪರಿವರ್ತಕಗಳು (ಕ್ಯಾಟಲಿಟಿಕ್ ಕನ್ವರ್ಟರ್) ಕೆಡದಿರಲೆಂದು ಇಂದಿನ ರಸ್ತೆ ಕಾರುಗಳ ಆಯಿಲ್‌ನಲ್ಲಿ ಸತು ಮತ್ತು ರಂಜಕದ ಅಂಶವನ್ನು ತಗ್ಗಿಸಿರುವುದರಿಂದ, ಸತು ಹೆಚ್ಚಿರುವ ಆಯಿಲ್ ಬಳಸದಿದ್ದರೆ ಹೊಸ ಉಬ್ಬು ಸವೆದು ನುಣ್ಣಗಾಗುತ್ತದೆ. ಕಿಡಿಯ ವಿಷಯದಲ್ಲಿ ಖರ್ಚು ಇನ್ನೂ ಕಡಿಮೆ. 1970ರ ದಶಕದ ನಡುವಿನಿಂದ ಬಂದ, ಕಿಡಿಯನ್ನು ಸಿಲಿಂಡರುಗಳಿಗೆ ಹಂಚುವ ಎಚ್‌ಇಐ ಡಿಸ್ಟ್ರಿಬ್ಯೂಟರಿನ ಒಳಗಿನ ಸ್ಪ್ರಿಂಗುಗಳನ್ನು ಬದಲಿಸಿ, ಪಿಸ್ಟನ್ ಮೇಲ್ತುದಿ ಮುಟ್ಟುವುದಕ್ಕೆ 34ರಿಂದ 36 ಡಿಗ್ರಿ ಮೊದಲೇ ಕಿಡಿ ಹಾರುವಂತೆ ಹೊಂದಿಸಿದರೆ ಕೆಲಸ ಮುಗಿಯಿತು; ಬೇಗ ಉರಿಸುವ ವೋರ್ಟೆಕ್ ಕೋಣೆಗೆ ಇನ್ನೆರಡು ಡಿಗ್ರಿ ಕಡಿಮೆಯಾದರೂ ಸಾಕು.

ಬಲ ಹೆಚ್ಚಿಸುವ ಮಾತಿನ ಭರದಲ್ಲಿ ಹಿಂದೆ ಬೀಳುವ ಎರಡು ಸಂಗತಿಗಳೆಂದರೆ ಆಯಿಲ್ ಮತ್ತು ಧೂಳು. ರಸ್ತೆ ಕಾರಿನ ಆಯಿಲ್ ತೊಟ್ಟಿ ನೇರ ಪಯಣಕ್ಕಾಗಿ ಮಾಡಿದ್ದು. ಸುತ್ತು ಸುತ್ತಿಗೂ ಎಡಕ್ಕೆ ತಿರುಗುವ ಕಾರಿನಲ್ಲಿ ಆಯಿಲ್ ಬಲಗೋಡೆಗೆ ಏರಿ ನಿಂತು, ಹೀರುವ ಕೊಳವೆಯ ಬಾಯಿ ಬರಿಗಾಳಿಯನ್ನು ಎಳೆದು, ಬೇರಿಂಗುಗಳು ಕ್ಷಣಾರ್ಧದಲ್ಲಿ ಬೆಂದು ಸೀಜ್ ಆಗುತ್ತವೆ. ತಡೆಗೋಡೆಗಳಿರುವ, ಬಲಪಕ್ಕಕ್ಕೆ ಚಾಚಿದ ಆಳದ ತೊಟ್ಟಿಯೊಂದನ್ನು ಹಾಕುವುದು ಮಣ್ಣಿನ ಓಟದ ಎಂಜಿನ್ನಿಗೆ ಕೊಂಡ ವಿಮೆಯಂತೆ. ಎಂಜಿನ್ನಿನ ವೇಗದ ಪ್ರತಿ 1,000 ಸುತ್ತಿಗೆ ಚದರ ಅಂಗುಲಕ್ಕೆ 10 ಪೌಂಡಿನಷ್ಟಾದರೂ ಆಯಿಲ್ ಒತ್ತಡ ಇರಬೇಕೆಂಬುದು ಹಳಬರ ಲೆಕ್ಕ. ಒಣಗಿದ ಜೇಡಿಮಣ್ಣಿನ ಹುಡಿಯು ಸಾಣೆಪುಡಿಗೆ ಸಮ. ಏರ್ ಫಿಲ್ಟರಿನ ಅಂಚಿನಲ್ಲಿ ಕೂದಲೆಳೆಯ ಸಂದಿದ್ದರೂ, ಲೇತ್ ಶಾಪಿನಲ್ಲಿ ಹಣ ತೆತ್ತು ದುಂಡಗೆ ಮಾಡಿಸಿದ ಸಿಲಿಂಡರು ಕೆಲವೇ ವಾರಗಳಲ್ಲಿ ಮತ್ತೆ ಸವೆಯುತ್ತದೆ. ಅದಕ್ಕಾಗಿಯೇ ಫಿಲ್ಟರಿನ ಮೇಲೊಂದು ಬಟ್ಟೆಯ ಚೀಲವನ್ನೂ ರೇಡಿಯೇಟರಿನ ಮುಂದೆ ಜಾಲರಿಯನ್ನೂ ಕಟ್ಟಿ, ಪ್ರತಿ ಸುತ್ತಿನ ಓಟದ ನಂತರ ಮೆತ್ತಿದ ಮಣ್ಣನ್ನು ಕೊಡವುತ್ತಾರೆ.

ಖರ್ಚಿಗೆ ಕಡಿವಾಣ ಹಾಕಲು ಕಣಗಳ ಆಡಳಿತಗಳು ಕಂಡುಕೊಂಡ ಉಪಾಯಗಳಲ್ಲಿ ಅತಿ ಚತುರವಾದದ್ದು ಕ್ಲೇಮ್ ನಿಯಮ. 1915ರಲ್ಲಿ ಸ್ಥಾಪನೆಯಾದ, ಈಗ ಅಯೊವಾ ರಾಜ್ಯದಲ್ಲಿ ಕೇಂದ್ರವುಳ್ಳ ಐಎಂಸಿಎ ಎಂಬ ಸಂಸ್ಥೆಯು 1979ರಲ್ಲಿ ಆರಂಭಿಸಿದ ಮಾಡಿಫೈಡ್ ವರ್ಗದ ಮೂಲಕ ಈ ನಿಯಮ ವ್ಯಾಪಕವಾಗಿ ಬಳಕೆಗೆ ಬಂದಿತು. ಗೆದ್ದವನ ಎಂಜಿನ್ನನ್ನು ಸೋತವನು ನಿಯಮದಲ್ಲಿ ಹೇಳಿದ ನಿಗದಿತ ಮೊತ್ತ ಕೊಟ್ಟು ಕೇಳಬಹುದು, ಗೆದ್ದವನು ಕೊಡಲೇಬೇಕು. ಆ ಮೊತ್ತಕ್ಕಿಂತ ಹಲವು ಪಟ್ಟು ಹಣವನ್ನು ಎಂಜಿನ್ನಿನಲ್ಲಿ ಹೂತವನು ಗೆದ್ದೂ ನಷ್ಟ ಅನುಭವಿಸುತ್ತಾನೆ. ಪರೀಕ್ಷಕರ ಕಣ್ಣು ತಪ್ಪಿಸಬಹುದಾದರೂ ಪ್ರತಿಸ್ಪರ್ಧಿಯ ಆಸೆಯನ್ನು ತಪ್ಪಿಸಲಾಗದು ಎನ್ನುವ ಮಾನವ ಸ್ವಭಾವದ ಅರಿವು ಈ ನಿಯಮದ ಬುನಾದಿ.

ಎರಡನೆಯ ಉಪಾಯ ಸ್ವತಃ ಕಾರ್ಖಾನೆಯಿಂದಲೇ ಬಂದಿತು. ಜನರಲ್ ಮೋಟಾರ್ಸ್ ಪೆಟ್ಟಿಗೆಯಲ್ಲಿಟ್ಟು ಮಾರುವ, ಕ್ರೇಟ್ ಎಂಜಿನ್ ಎಂದೇ ಕರೆಯಲಾಗುವ ಸಿದ್ಧ ಎಂಜಿನ್ನುಗಳಲ್ಲಿ, ಬಿಡಿಭಾಗದ ಸಂಖ್ಯೆಯ ಕೊನೆಯ ಅಂಕಿಗಳಿಂದ 602 ಎಂಬ ಹೆಸರು ಪಡೆದದ್ದು ಅದೇ 350 ಘನ ಅಂಗುಲದ ಸ್ಮಾಲ್ ಬ್ಲಾಕ್. ಕಬ್ಬಿಣದ ವೋರ್ಟೆಕ್ ಹೆಡ್ಡು, 9.1 ಕಂಪ್ರೆಷನ್ ಅನುಪಾತ, ಸುಮಾರು 350 ಅಶ್ವಶಕ್ತಿ. ಅಲ್ಯೂಮಿನಿಯಂ ಹೆಡ್ಡಿನ ಅದರ ಅಣ್ಣ 604 ಸುಮಾರು 400 ಅಶ್ವಶಕ್ತಿ ಕೊಡುತ್ತದೆ. ಗುಜರಿಯಿಂದ ಒಂದೊಂದೇ ಭಾಗ ಆಯ್ದು ತಂದು ಕಟ್ಟುವುದರಲ್ಲಿದ್ದ ಕಸುಬುಗಾರಿಕೆಯನ್ನು ಇದು ಕಸಿದುಕೊಂಡಿತೆಂಬ ಕೊರಗು ಹಳಬರಲ್ಲಿ ಇದ್ದರೆ ಅದು ಸಹಜವೇ. ಆದರೆ ಅದರೊಳಗಿರುವುದು ಅವರೇ ಗುಜರಿಯಲ್ಲಿ ಹುಡುಕುತ್ತಿದ್ದ ಹೆಡ್ಡು ಎನ್ನುವುದನ್ನೂ ಮರೆಯಲಾಗದು. ಈ ಎಂಜಿನ್ನುಗಳ ಹೆಡ್ಡು, ಮ್ಯಾನಿಫೋಲ್ಡ್, ಮುಂದಿನ ಮುಚ್ಚಳ ಮತ್ತು ಆಯಿಲ್ ತೊಟ್ಟಿಗಳಿಗೆ ವಿಶೇಷ ಮುದ್ರೆಯ ಬೋಲ್ಟುಗಳನ್ನು ಹಾಕಿರುತ್ತಾರೆ. ಬಿಚ್ಚಿದರೆ ಅವು ಕೆಡುತ್ತವೆ, ಕೆಟ್ಟದ್ದು ಕಂಡರೆ ಗೆಲುವು ರದ್ದಾಗುತ್ತದೆ. ಮೆಕ್ಯಾನಿಕ್‌ನ ಕೈಗೆ ಉಳಿಯುವುದು ಮುದ್ರೆಯ ಹೊರಗಿರುವ ಕಾರ್ಬ್ಯುರೇಟರಿನ ಜೆಟ್ಟು, ಕಿಡಿಯ ಡಿಗ್ರಿ, ಹೊಗೆ ಕೊಳವೆಯ ಉದ್ದ, ಮತ್ತು ಓಟ ಓಟದ ನಡುವೆ ಕೊಡವಬೇಕಾದ ಆ ಫಿಲ್ಟರಿನ ಧೂಳು.