ಗಾಳ ಬೀಸುವ ಮೊದಲು ಹುಳ ನೋಡಿ

ಶ್ರೀಮಂಗಲದ ಸುತ್ತಮುತ್ತಲಿನ ಕಾಫಿ ತೋಟಗಳಲ್ಲಿ ಕೆರೆಗಳಿಗೆ ಕೊರತೆಯಿಲ್ಲ. ಫೆಬ್ರವರಿ-ಮಾರ್ಚ್‌ನಲ್ಲಿ ರೊಬಸ್ಟಾ ಹೂ ಬಿಡಿಸಲು ಸ್ಪ್ರಿಂಕ್ಲರ್‌ಗೆ ನೀರು ಹೊರಡುವುದು ಅಲ್ಲಿಂದಲೇ. ಸಾಮಾನ್ಯ ಗೆಂಡೆ, ರೋಹು, ಜಿಲೇಬಿ ಮೀನುಗಳಿರುವ ಇಂಥ ಕೆರೆ ಫ್ಲೈ ಫಿಶಿಂಗ್ ಕಲಿಯುವವರಿಗೆ ಒಳ್ಳೆಯ ಪಾಠಶಾಲೆ. ಈ ವಿದ್ಯೆಯಲ್ಲಿ ಎರೆಹುಳುವಿಗೆ ಜಾಗವಿಲ್ಲ. ಕೊಕ್ಕೆಗೆ ಗರಿ, ನೂಲು, ರೋಮ ಸುತ್ತಿ ಮಾಡಿದ ಹುಸಿಹುಳವೇ ಆಮಿಷ. ಹಾಗಾಗಿ ಮೀನು ಈ ಹೊತ್ತು ಏನು ತಿನ್ನುತ್ತಿದೆ ಎಂಬುದನ್ನು ಮೊದಲು ತಿಳಿಯಬೇಕು.

ನೀರಿನಲ್ಲಿ ಬೆಳೆದ ಒಂದೇ ಬಗೆಯ ಹುಳಗಳು ಒಟ್ಟಿಗೆ ಮೇಲೆ ಬಂದು ರೆಕ್ಕೆ ಬಿಚ್ಚುವುದಕ್ಕೆ ‘ಹ್ಯಾಚ್’ ಎನ್ನುತ್ತಾರೆ. ಆಗ ಮೀನು ಬೇರೆಲ್ಲ ಬಿಟ್ಟು ಅದರ ಬೆನ್ನು ಹತ್ತುವುದುಂಟು. ಹೊಸಬರು ಜಾತಿಯ ಹೆಸರಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕುಳಿತ ಹುಳದ ರೆಕ್ಕೆ ಮತ್ತು ಬಾಲ ನೋಡಿದರೆ ಗುಂಪು ತಿಳಿಯುತ್ತದೆ.

ರೆಕ್ಕೆಗಳನ್ನು ನೆಟ್ಟಗೆ ಮೇಲೆತ್ತಿ ಕುಳಿತು, ಹಿಂದೆ ಎರಡು ಅಥವಾ ಮೂರು ಉದ್ದನೆಯ ಎಳೆಗಳನ್ನು ಚಾಚಿದ್ದರೆ ಅದು ಮೇಫ್ಲೈ. ರೆಕ್ಕೆ ಬಂದ ಮೇಲೂ ಮತ್ತೊಮ್ಮೆ ಪೊರೆ ಕಳಚುವ ಕೀಟ ಇದೊಂದೇ. ಪ್ರೌಢ ಮೇಫ್ಲೈ ಏನನ್ನೂ ತಿನ್ನದು. ಹೆಂಚಿನ ಮಾಡಿನಂತೆ ರೆಕ್ಕೆಗಳನ್ನು ಮೈಮೇಲೆ ಇಳಿಬಿಟ್ಟು, ಉದ್ದನೆಯ ಮೀಸೆ ಚಾಚಿ, ಬಾಲವಿಲ್ಲದೆ ಕುಳಿತದ್ದು ಕ್ಯಾಡಿಸ್. ಸೊಳ್ಳೆಯಂತೆ ಕಂಡರೂ ಚುಚ್ಚುವ ಸೊಂಡಿಲಿಲ್ಲದಿದ್ದರೆ ಅದು ಮಿಡ್ಜ್. ಗಂಡಿಗೆ ಗರಿಯಂಥ ಮೀಸೆ. ಏರೋಪ್ಲೇನ್ ಚಿಟ್ಟೆಗಳಲ್ಲಿ ದಪ್ಪನೆಯವು ರೆಕ್ಕೆ ಹರಡಿ ಕೂರುತ್ತವೆ, ಸಪೂರದವು ಸಾಮಾನ್ಯವಾಗಿ ಮಡಚಿ ಕೂರುತ್ತವೆ. ಇವುಗಳ ಮರಿಗಳು ನೀರಿನೊಳಗೇ ಬೆಳೆದು ಜೊಂಡಿನ ಕಡ್ಡಿ ಹತ್ತಿ ಪೊರೆ ಬಿಡುತ್ತವೆ. ಹಾಗಾಗಿ ಮೀನಿಗೆ ಹೆಚ್ಚಾಗಿ ಸಿಗುವುದು ದಡದತ್ತ ಈಜುವ ಮರಿ. ಕೊಡಗಿನ ಏರೋಪ್ಲೇನ್ ಚಿಟ್ಟೆಗಳನ್ನು ಸೇನಾ ವೈದ್ಯ ಎಫ್.ಸಿ. ಫ್ರೇಸರ್ ಆಳವಾಗಿ ಅಭ್ಯಾಸ ಮಾಡಿ, 1933ರಿಂದ 1936ರ ನಡುವೆ ಮೂರು ಸಂಪುಟಗಳಲ್ಲಿ ಭಾರತದ ಜಾತಿಗಳೊಂದಿಗೆ ದಾಖಲಿಸಿದ್ದಾರೆ.

ಇನ್ನೊಂದು ಸುಗ್ಗಿ ನೆಲದಿಂದ ಬರುತ್ತದೆ. ಬೇಸಿಗೆಯ ಮಳೆ ಬಿದ್ದ ಸಂಜೆ ಹುತ್ತದಿಂದ ರೆಕ್ಕೆಯ ಗೆದ್ದಲುಗಳು ಏಳುತ್ತವೆ. ನೀರಿಗೆ ಬಿದ್ದವು ಮೀನಿಗೆ ಹಬ್ಬದೂಟ. ಉದುರಿದ, ಒಂದೇ ಅಳತೆಯ ರೆಕ್ಕೆಗಳು ನೀರ ಮೇಲೆ ತೇಲುತ್ತಿದ್ದರೆ ಅದೇ ಸುಳಿವು.

ಹುಳ ಗುರುತಿಸಿದ ಮೇಲೆ ಅದು ಯಾವ ಆಳದಲ್ಲಿದೆ ಎಂದು ನೋಡಬೇಕು. ಮೀನಿನ ಬಾಯಿ ಮೇಲೆ ಬಂದು ಗುಳ್ಳೆ ಉಳಿದರೆ ತೇಲುವ ಹುಳ ತಿನ್ನುತ್ತಿದೆ. ನೀರು ಬರೀ ಉಬ್ಬಿ, ಬೆನ್ನು ಮಾತ್ರ ಕಂಡರೆ ಮೇಲ್ಪದರದ ಕೆಳಗೇ ತೂಗುವ ಮಿಡ್ಜ್ ಕೋಶವನ್ನು ಹಿಡಿಯುತ್ತಿರಬಹುದು. ಮೊದಲನೆಯದಕ್ಕೆ ತೇಲುವ ಹುಸಿಹುಳ, ಎರಡನೆಯದಕ್ಕೆ ಸ್ವಲ್ಪ ಮುಳುಗುವುದು. ಮಿಡ್ಜ್‌ಗೆ 16, 18ನೇ ನಂಬರಿನ ಕೊಕ್ಕೆ, ಏರೋಪ್ಲೇನ್ ಚಿಟ್ಟೆಯ ಮರಿಗೆ 10, 12. ಕೊಕ್ಕೆಯ ನಂಬರು ಏರಿದಂತೆ ಗಾತ್ರ ಇಳಿಯುತ್ತದೆ. ಹುಳ ಹುಡುಕಲು ಟೀ ಸೋಸುವ ಜರಡಿ, ಬಿಳಿ ತಟ್ಟೆ, ಭೂತಗನ್ನಡಿ ಸಾಕು. ದಡದ ಜೇಡರ ಬಲೆಯನ್ನೂ ನೋಡಿ: ಹಿಂದಿನ ಸಂಜೆ ಹಾರಿದ ಹುಳಗಳು ಅಲ್ಲಿ ಸಿಕ್ಕಿರುತ್ತವೆ.

ಕೆರೆಯ ಗಾಳಕ್ಕೆ ನಮ್ಮ ನೆರೆಯಲ್ಲೇ ಹಳೆಯ ಗ್ರಂಥಪರಂಪರೆಯಿದೆ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಎಚ್.ಎಸ್. ಥಾಮಸ್ 1873ರಲ್ಲಿ ಮಂಗಳೂರಿನಿಂದ ‘ದ ರಾಡ್ ಇನ್ ಇಂಡಿಯಾ’ ಪ್ರಕಟಿಸಿದರು. ಮುಂದೆ ಕೆರೆಗಳ ಗಾಳಗಾರಿಕೆಗೇ ಬೇರೊಂದು ಪುಸ್ತಕ ಬರೆದರು.

ತೋಟದ ಕೆರೆಯಲ್ಲಿ ಗಾಳ ಬೀಸಲು ಮಾಲೀಕರ ಒಪ್ಪಿಗೆ ಬೇಕು. ಬ್ರಹ್ಮಗಿರಿ ಅಭಯಾರಣ್ಯ, ನಾಗರಹೊಳೆಯೊಳಗಿನ ನೀರಿಗೆ ಗಾಳ ಒಯ್ಯುವಂತಿಲ್ಲ. ಬಿಡುವ ಮೀನನ್ನು ಒದ್ದೆ ಕೈಯಲ್ಲೇ ಹಿಡಿಯಿರಿ; ಮುಳ್ಳಿಲ್ಲದ ಕೊಕ್ಕೆ ಒಳ್ಳೆಯದು.

ಹುಳಗಳ ದಿನಚರಿ ಬರೆದಿಡುವವರು ಕೆರೆಯ ಆರೋಗ್ಯವನ್ನೂ ಅರಿಯುತ್ತಾರೆ. ಕೆಸರಿನ ಕೆಂಪು ಮಿಡ್ಜ್ ಹುಳುವಿನ ಮೈಯಲ್ಲಿ ಹಿಮೋಗ್ಲೋಬಿನ್ ಇರುವುದರಿಂದ ಆಮ್ಲಜನಕ ಕುಗ್ಗಿದರೂ ಅದು ಬದುಕುತ್ತದೆ. ಮೇಫ್ಲೈ, ಕ್ಯಾಡಿಸ್‌ಗಳಲ್ಲಿ ಹಲವಕ್ಕೆ ಆ ಶಕ್ತಿಯಿಲ್ಲ. ಅವು ಕಾಣೆಯಾಗಿ ಕೆಂಪು ಹುಳುವೊಂದೇ ಹೆಚ್ಚಿದರೆ, ಪಲ್ಪಿಂಗ್ ನೀರೋ ಕೀಟನಾಶಕವೋ ಕೆರೆ ಸೇರುತ್ತಿದೆಯೇ ಎಂದು ತೋಟದವರು ಕೂಡಲೇ ಪರೀಕ್ಷಿಸಬೇಕು. ಮೀನು ಸಾಯುವ ಮೊದಲೇ ಆ ಎಚ್ಚರಿಕೆ ಕೊಡಬಲ್ಲ ಗಾಳಗಾರ ಯಾವ ಕೆರೆಗೂ ಬೇಕಾದವನು.